ಕೆಲಸಕ್ಕೆ ಸೇರುವ ಮುಂಚೆ ‘ಇಮೇಜ್’ ಕಟ್ಟಿಕೊಳ್ಳುವುದು ಅಂದರೆ ವೇಷ ಹಾಕುವುದಾ?

ಓದುಗರ ಪ್ರಶ್ನೆ: ನಾನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಇನ್ನೆರಡು ತಿಂಗಳಲ್ಲಿ ಇಂಟರ್ನ್‌ಶಿಪ್ ಶುರುವಾಗುತ್ತದೆ. ‘ಈಗಿನಿಂದಲೇ ಪ್ರೊಫೆಷನಲ್ ಇಮೇಜ್ ಬೆಳೆಸಿಕೋ’ ಎಂದು ಎಲ್ಲರೂ ಹೇಳುತ್ತಾರೆ. ಗೆಳತಿಯರು ಲಿಂಕ್ಡ್‌ಇನ್‌ನಲ್ಲಿ ದಿನಾ ಏನಾದರೂ ಬರೆಯುತ್ತಾರೆ. ಕೋಟು ಹಾಕಿಕೊಂಡು ಫೋಟೋ ತೆಗೆಸಿದ್ದಾರೆ. ನನಗೆ ಮಾತು ಕಡಿಮೆ. ತೋರಿಸಿಕೊಳ್ಳಲು ಅನುಭವವೂ ಇಲ್ಲ. ಇಲ್ಲದ್ದನ್ನು ಇದೆ ಅಂತ ತೋರಿಸುವುದು ನಾಟಕ ಅನ್ನಿಸುತ್ತದೆ. ಸುಮ್ಮನಿದ್ದರೆ ಹಿಂದೆ ಬೀಳುತ್ತೇನೆ ಎಂಬ ಭಯ. ಏನು ಮಾಡಲಿ?

ಉತ್ತರ:

ನಾಟಕ ಅನ್ನಿಸುತ್ತದೆ ಅಂದಿರಿ. ಒಳ್ಳೆಯದೇ. ಹಾಗೆ ಅನ್ನಿಸದವರ ಬಗ್ಗೆ ನನಗೆ ಜಾಸ್ತಿ ಚಿಂತೆ.

ಹೊಸಬರನ್ನು ಕೆಲಸಕ್ಕೆ ಆರಿಸುವುದು, ಸೇರಿದ ಮೇಲೆ ಅವರನ್ನು ತಯಾರು ಮಾಡುವುದು ನನ್ನ ವೃತ್ತಿ. ಹಾಗಾಗಿ ಹೊಸಬರು ಎದುರಿಗೆ ಇಲ್ಲದಾಗ ಅವರ ಬಗ್ಗೆ ಏನು ಮಾತು ನಡೆಯುತ್ತದೆ ಅಂತ ತುಂಬಾ ಸಲ ಕೇಳಿಸಿಕೊಂಡಿದ್ದೇನೆ. ‘ಆ ಹುಡುಗಿಯ ಕೋಟು ಚೆನ್ನಾಗಿತ್ತು’ ಅಂತ ಇದುವರೆಗೆ ಯಾರೂ ಹೇಳಿಲ್ಲ. ಹೆಚ್ಚಾಗಿ ಬರುವ ಮಾತು ಎರಡೇ ಥರ. ‘ಅವಳಿಗೆ ಕೊಡಿ, ಆಗುತ್ತೆ.’ ಇಲ್ಲವಾದರೆ, ‘ಅವನಿಗೆ ಕೊಟ್ಟರೆ ಆಯ್ತಾ ಅಂತ ನಾನೇ ಎರಡು ಸಲ ಕೇಳಬೇಕಾಗುತ್ತೆ.’ ನೀವು ಕೇಳುತ್ತಿರುವ ಇಮೇಜ್ ಇದೇ. ನೀವು ಮುಂದೆ ಹೇಗೆ ನಡೆದುಕೊಳ್ಳುತ್ತೀರಿ ಅಂತ ಬೇರೆಯವರು ಎಷ್ಟು ಧೈರ್ಯವಾಗಿ ಊಹಿಸಬಲ್ಲರು ಅನ್ನುವುದು. ಅದಕ್ಕೆ ವೇಷ ಬೇಕಾಗಿಲ್ಲ. ಊಹಿಸಲು ಅವರಿಗೆ ಸುಳಿವು ಸಿಗಬೇಕು, ಅಷ್ಟೇ.

ಅನುಭವ ಇಲ್ಲದಿರುವುದು ಇಲ್ಲಿ ಒಂದು ರೀತಿಯ ಲಾಭವೂ ಹೌದು. ಹತ್ತು ವರ್ಷ ಕೆಲಸ ಮಾಡಿದವರು ಒಂದು ದಿನ ತಡವಾಗಿ ಬಂದರೆ ‘ಪಾಪ, ಇವತ್ತು ಏನೋ ತೊಂದರೆ ಆಗಿರಬೇಕು’ ಅನ್ನುತ್ತಾರೆ. ನೀವು ಮೊದಲ ವಾರ ತಡವಾಗಿ ಬಂದರೆ ‘ಇವಳು ಹೀಗೇ’ ಅನ್ನುತ್ತಾರೆ. ಅನ್ಯಾಯ ಅಲ್ವಾ? ಆದರೆ ಈ ತಕ್ಕಡಿ ಇನ್ನೊಂದು ಕಡೆಗೂ ಅಷ್ಟೇ ವಾಲುತ್ತದೆ. ಹಳಬರು ಸಮಯಕ್ಕೆ ಸರಿಯಾಗಿ ಉತ್ತರ ಬರೆದರೆ ಯಾರೂ ಗಮನಿಸುವುದಿಲ್ಲ. ಹೊಸಬರು ಬರೆದರೆ ಗಮನಿಸುತ್ತಾರೆ. ನಿಮ್ಮ ಬಗ್ಗೆ ಬೇರೆ ಏನೂ ಗೊತ್ತಿಲ್ಲದ ಕಾಲದಲ್ಲಿ ಸಣ್ಣ ಸುಳಿವೂ ದೊಡ್ಡದಾಗಿ ಕಾಣುತ್ತದೆ. ಈ ಕಾಲ ಕೆಲವು ತಿಂಗಳು ಮಾತ್ರ ಇರುತ್ತದೆ.

ಮೊದಲ ನೋಟದ ಬಗ್ಗೆ ಎಲ್ಲರೂ ಹೆದರಿಸುತ್ತಾರೆ, ಅದನ್ನು ಮುಗಿಸಿಬಿಡೋಣ. ಮುಖ ನೋಡಿ ಮಣೆ ಹಾಕುತ್ತಾರೆ ಅನ್ನುವುದು ಸುಳ್ಳಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಅಪರಿಚಿತರ ಮುಖಗಳನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ ತೋರಿಸಲಾಯಿತು. ಅಷ್ಟರಲ್ಲೇ ‘ಇವರನ್ನು ನಂಬಬಹುದು, ಇವರನ್ನು ನಂಬಬಾರದು’ ಎಂಬ ತೀರ್ಮಾನಕ್ಕೆ ಬಂದರು. ಬೇಕಾದಷ್ಟು ಹೊತ್ತು ನೋಡಿದವರ ತೀರ್ಮಾನವೂ ಹೆಚ್ಚುಕಡಿಮೆ ಹಾಗೇ ಇತ್ತು. ಹೆಚ್ಚು ಹೊತ್ತು ನೋಡಿದವರಿಗೆ ತಮ್ಮ ತೀರ್ಮಾನದ ಮೇಲೆ ನಂಬಿಕೆ ಮಾತ್ರ ಜಾಸ್ತಿಯಾಗಿತ್ತು! ಆ ತೀರ್ಮಾನ ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ನನಗೆ ಇದರಲ್ಲಿ ಕಾಣುವುದು ಇಷ್ಟು: ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಡೆದುಹೋಗುವುದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಆಮೇಲಿನ ವಾರಗಳು.

ಇದರ ಜೊತೆಗೇ ಇನ್ನೊಂದು ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ‘ಸಂವಹನದಲ್ಲಿ ಪದಗಳ ಪಾಲು ಬರೀ 7 ಪರ್ಸೆಂಟ್, ದನಿಯದು 38, ಹಾವಭಾವದ್ದು 55.’ ಇದು ಆಲ್ಬರ್ಟ್ ಮೆಹ್ರೇಬಿಯನ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಲೆಕ್ಕ. ಅಲ್ಲಿ ಅವರು ನೋಡಿದ್ದು ಇಷ್ಟ, ಅನಿಷ್ಟದಂಥ ಭಾವನೆಗಳನ್ನು. ಬಾಯಲ್ಲಿ ಒಂದು ಪದ, ದನಿಯಲ್ಲಿ ಇನ್ನೊಂದು ಭಾವ ಇದ್ದಾಗ ಕೇಳುವವರು ಯಾವುದನ್ನು ನಂಬುತ್ತಾರೆ ಅನ್ನುವುದು ಪ್ರಶ್ನೆ. ನೀವು ಮಾಡಿದ ಪ್ರಾಜೆಕ್ಟನ್ನು ವಿವರಿಸುವಾಗ ಪದಗಳಿಗೆ ಬರೀ 7 ಪರ್ಸೆಂಟ್ ಬೆಲೆ ಅಂತ ಅದರ ಅರ್ಥ ಅಲ್ಲ. ಹಾಗೇನಾದರೂ ಇದ್ದಿದ್ದರೆ ಗೊತ್ತಿಲ್ಲದ ಭಾಷೆಯ ಭಾಷಣವೂ ನಮಗೆ 93 ಪರ್ಸೆಂಟ್ ಅರ್ಥವಾಗಬೇಕಿತ್ತು. ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಂತರೆ ಧೈರ್ಯ ಬರುತ್ತದೆ, ದೇಹದ ಹಾರ್ಮೋನುಗಳೇ ಬದಲಾಗುತ್ತವೆ ಎಂಬ ಸಲಹೆಯೂ ಇದೆ. 2010ರ ಒಂದು ಅಧ್ಯಯನದಿಂದ ಅದು ಮನೆಮಾತಾಯಿತು. ಆಮೇಲೆ ದೊಡ್ಡ ಗುಂಪಿನ ಮೇಲೆ ಮಾಡಿ ನೋಡಿದಾಗ ಹಾರ್ಮೋನು ಬದಲಾಗಲಿಲ್ಲ. ಆ ಅಧ್ಯಯನದ ಮೊದಲ ಲೇಖಕಿ ಡೇನಾ ಕಾರ್ನಿ ಅವರೇ 2016ರಲ್ಲಿ, ಈ ಪರಿಣಾಮ ನಿಜ ಎಂಬ ನಂಬಿಕೆ ತನಗಿಲ್ಲ ಎಂದು ಬಹಿರಂಗವಾಗಿ ಬರೆದರು. ನಿಂತರೆ ತಪ್ಪೇನೂ ಇಲ್ಲ, ನಿಲ್ಲಿ. ಆದರೆ ಸಂದರ್ಶನದ ಹಿಂದಿನ ಸಂಜೆಯನ್ನು ಕನ್ನಡಿ ಮುಂದೆ ಕಳೆಯುವ ಬದಲು ಆ ಸಂಸ್ಥೆ ಏನು ಕೆಲಸ ಮಾಡುತ್ತದೆ ಅಂತ ಓದುವುದರಲ್ಲಿ ಕಳೆಯಿರಿ.

ಸಂಕೋಚದವರಿಗೆ ಸಮಾಧಾನ ಕೊಡುವ ಪ್ರಯೋಗವೂ ಒಂದಿದೆ. ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರವಿದ್ದ ಟಿ-ಶರ್ಟ್ ಹಾಕಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಕೋಣೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆ ಅಂತ ಹಾಕಿಕೊಂಡವರು ಅಂದುಕೊಂಡರು. ನಿಜಕ್ಕೂ ಗಮನಿಸಿದವರು ಸುಮಾರು ಕಾಲು ಭಾಗ. ಮೀಟಿಂಗಿನಲ್ಲಿ ನಿಮ್ಮ ಮಾತು ತಡವರಿಸಿದ್ದು ರಾತ್ರಿಯೆಲ್ಲ ನಿಮ್ಮನ್ನು ಕೊರೆಯುತ್ತದೆ. ಅಲ್ಲಿದ್ದ ಉಳಿದವರು ತಾವು ಆಡಿದ ಮಾತನ್ನೇ ನೆನೆಸಿಕೊಂಡು ಹೊರಳಾಡುತ್ತಿರುತ್ತಾರೆ.

ಬಟ್ಟೆಯ ವಿಷಯ ಎರಡು ಸಾಲಿನಲ್ಲಿ ಮುಗಿಯುತ್ತದೆ. ‘ಅಲ್ಲಿ ಸಾಮಾನ್ಯವಾಗಿ ಏನು ಹಾಕಿಕೊಂಡು ಬರುತ್ತಾರೆ?’ ಅಂತ ಮೊದಲೇ ಕೇಳಿ. ಒಗೆದದ್ದು, ಅಳತೆಗೆ ಸರಿಯಾದದ್ದು, ಇಡೀ ದಿನ ಹಾಕಿಕೊಂಡರೂ ನಿಮಗೇ ಅದರ ನೆನಪು ಬಾರದಂಥದ್ದು ಹಾಕಿಕೊಳ್ಳಿ.

ನಿಜವಾದ ಸುಳಿವುಗಳು ಇರುವುದು ಬರವಣಿಗೆಯಲ್ಲಿ. ಇಂಟರ್ನ್‌ಶಿಪ್ ಶುರುವಾಗುವ ಮುಂಚೆಯೇ ನೀವು ಅವರಿಗೆ ಏಳೆಂಟು ಇಮೇಲ್ ಕಳಿಸಿರುತ್ತೀರಿ. ನಿಮ್ಮ ಮುಖ ನೋಡುವ ಮುಂಚೆ ಅವರು ನಿಮ್ಮ ವಾಕ್ಯಗಳನ್ನು ನೋಡಿರುತ್ತಾರೆ. ವಿಳಾಸದಿಂದಲೇ ಶುರು ಮಾಡಿ. ಹೈಸ್ಕೂಲಿನಲ್ಲಿ ತಮಾಷೆಗೆ ಮಾಡಿಕೊಂಡ ಇಮೇಲ್ ವಿಳಾಸ ಗೆಳೆಯರಿಗಿರಲಿ. ಕೆಲಸಕ್ಕೆ ನಿಮ್ಮ ಹೆಸರಿರುವ ಒಂದು ಹೊಸ ವಿಳಾಸ ಮಾಡಿಕೊಳ್ಳಿ. ಕಾಲೇಜು ಕೊಟ್ಟ ವಿಳಾಸವನ್ನು ನಂಬಬೇಡಿ, ಪದವಿ ಮುಗಿದ ಮೇಲೆ ಎಷ್ಟೋ ಕಡೆ ಅದನ್ನು ಮುಚ್ಚಿಬಿಡುತ್ತಾರೆ. ಸಬ್ಜೆಕ್ಟ್ ಸಾಲು ಖಾಲಿ ಬಿಡಬೇಡಿ. ಅದರಲ್ಲಿ ‘ನಮಸ್ಕಾರ’ ಅಂತಲೂ ಬರೆಯಬೇಡಿ. ‘ಇಂಟರ್ನ್‌ಶಿಪ್ ದಾಖಲೆಗಳು, ಜೂನ್ 3ರಿಂದ ಸೇರುವವರು’ ಅಂತ ಬರೆದರೆ ಮೂರು ವಾರ ಬಿಟ್ಟು ಹುಡುಕಿದರೂ ಸಿಗುತ್ತದೆ.

ಫೈಲಿನ ಹೆಸರು. ಇದರ ಬಗ್ಗೆ ನಾನು ಸ್ವಲ್ಪ ಹುಚ್ಚನೇ. ‘ರೆಸ್ಯೂಮೆ ಫೈನಲ್ ಫೈನಲ್ 2’ ಎಂಬ ಹೆಸರಿನ ಫೈಲುಗಳು ನನ್ನ ಕಂಪ್ಯೂಟರಿನಲ್ಲಿ ಇಪ್ಪತ್ತಾದರೂ ಇರಬೇಕು, ಯಾರ ಯಾರದ್ದೋ. ನಿಮ್ಮ ಹೆಸರು, ಆಮೇಲೆ ‘ರೆಸ್ಯೂಮೆ’, ಪಿಡಿಎಫ್ ರೂಪದಲ್ಲಿ. ಅಷ್ಟು ಸಾಕು. ನೂರು ಜನರ ಅರ್ಜಿಗಳನ್ನು ಒಂದೇ ಕಡೆ ಇಟ್ಟುಕೊಂಡ ಮನುಷ್ಯನ ಕಷ್ಟ ನಿಮಗೆ ಅರ್ಥವಾಗಿದೆ ಎಂದು ಅದು ಹೇಳುತ್ತದೆ. ಬೇರೆಯವರ ಕೆಲಸವನ್ನು ಒಂದು ಚೂರು ಹಗುರ ಮಾಡುವವರ ಹೆಸರು ತಾನಾಗಿ ನೆನಪಿನಲ್ಲಿ ಉಳಿಯುತ್ತದೆ.

ಇಮೇಲನ್ನು ಹನುಮಂತನ ಬಾಲ ಮಾಡಬೇಡಿ. ನಿಮಗೆ ಏನು ಬೇಕು ಅನ್ನುವುದು ಮೊದಲ ಎರಡು ಸಾಲಿನಲ್ಲೇ ಬರಲಿ. ಕಾರಣ, ಹಿನ್ನೆಲೆ ಆಮೇಲೆ. ತಮಾಷೆ, ವ್ಯಂಗ್ಯ ಸದ್ಯಕ್ಕೆ ಬೇಡವೇ ಬೇಡ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತಿತರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಮೇಲ್ ಬರೆದವರು, ಅದು ವ್ಯಂಗ್ಯವೋ ಗಂಭೀರವೋ ಅಂತ ಓದುವವರಿಗೆ 78 ಪರ್ಸೆಂಟ್ ಸಲ ತಿಳಿಯುತ್ತದೆ ಅಂದುಕೊಂಡಿದ್ದರು. ತಿಳಿದದ್ದು 56 ಪರ್ಸೆಂಟ್ ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಆಗುತ್ತಿತ್ತು! ಬರೆಯುವಾಗ ನಮ್ಮ ದನಿ ನಮಗೆ ಕೇಳಿಸುತ್ತಿರುತ್ತದೆ, ಓದುವವರಿಗೆ ಕೇಳಿಸುವುದಿಲ್ಲ. ಜಿಮೇಲ್ ಬಳಸುವವರಾದರೆ ಸೆಟ್ಟಿಂಗ್ಸ್‌ಗೆ ಹೋಗಿ, ಕಳಿಸಿದ್ದನ್ನು ಹಿಂದಕ್ಕೆ ಪಡೆಯುವ ಅವಧಿಯನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ. ಅದಕ್ಕಿಂತ ಜಾಸ್ತಿ ಅವರು ಕೊಡುವುದಿಲ್ಲ. ಅಟ್ಯಾಚ್‌ಮೆಂಟ್ ಮರೆತದ್ದು ಹೆಚ್ಚಾಗಿ ಹತ್ತನೇ ಸೆಕೆಂಡಿಗೇ ನೆನಪಾಗುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಇದನ್ನು ನಾನು ಪೆಟ್ಟು ತಿಂದೇ ಕಲಿತೆ.

ಮೊದಲ ಕೆಲಸದಲ್ಲಿ ನನಗೆ ಒಂದು ಪಟ್ಟಿ ತಯಾರಿಸಲು ಹೇಳಿದ್ದರು. ಕಳಿಸಿದ ಮೇಲೆ ಒಂದು ಕಾಲಮ್ಮಿನ ಲೆಕ್ಕ ತಪ್ಪಾಗಿದೆ ಅಂತ ಗೊತ್ತಾಯಿತು. ಎದೆ ಧಸಕ್ಕೆಂದಿತು. ಯಾರಿಗೂ ಹೇಳಲಿಲ್ಲ. ಸದ್ದಿಲ್ಲದೆ ಸರಿಮಾಡಿ ಹೊಸದನ್ನು ಕಳಿಸಿದರಾಯಿತು ಅಂದುಕೊಂಡು ಎರಡು ದಿನ ಕೂತೆ. ಅಷ್ಟರಲ್ಲಿ ನನ್ನ ಮೇಲಿನವರು ಅದೇ ಲೆಕ್ಕ ಹಿಡಿದು ಹೊರಗಿನವರ ಜೊತೆ ಮಾತುಕತೆಗೆ ಕೂತಿದ್ದರು. ತಪ್ಪು ಅಲ್ಲೇ, ಎಲ್ಲರ ಮುಂದೆ ಹೊರಬಿತ್ತು. ವಾಪಸ್ ಬಂದವರು ಕೂಗಾಡಲಿಲ್ಲ. ‘ತಪ್ಪು ಎಲ್ಲರೂ ಮಾಡ್ತಾರೆ. ಆದ್ರೆ ಎರಡು ದಿನದಿಂದ ನಿಂಗೆ ಗೊತ್ತಿತ್ತು’ ಅಂದರು. ಆಮೇಲೆ ಎಷ್ಟೋ ತಿಂಗಳು ನಾನು ಕೊಟ್ಟ ಪ್ರತಿಯೊಂದು ಪಟ್ಟಿಯನ್ನೂ ಅವರು ಮತ್ತೊಮ್ಮೆ ಕೂಡಿ ನೋಡುತ್ತಿದ್ದರು. ನನ್ನ ಎದುರಿಗೇ.

ಹಾಗಾಗಿ ಕೆಟ್ಟ ಸುದ್ದಿಯನ್ನು ಬೇಗ ಹೇಳುವುದು ಅಭ್ಯಾಸವಾಗಲಿ. ಹೇಗೆ ಹೇಳುವುದು ಅನ್ನುವುದೇ ಕಷ್ಟ, ಅಲ್ವಾ? ಮೂರು ವಾಕ್ಯ ಸಾಕು. ‘ಗುರುವಾರ ಕೊಡುತ್ತೇನೆ ಅಂದಿದ್ದ ವರದಿ ಶುಕ್ರವಾರ ಮಧ್ಯಾಹ್ನಕ್ಕೆ ಆಗುತ್ತದೆ. ಒಂದು ವಿಭಾಗದ ಅಂಕಿ ಇನ್ನೂ ಬಂದಿಲ್ಲ, ಇವತ್ತು ಮತ್ತೆ ಕೇಳಿದ್ದೇನೆ. ಗುರುವಾರವೇ ಬೇಕು ಎಂದಾದರೆ ಆ ಭಾಗ ಬಿಟ್ಟು ಉಳಿದದ್ದನ್ನು ಕಳಿಸಬಲ್ಲೆ.’ ಇದನ್ನು ಬುಧವಾರ ಬರೆದರೆ ನೀವು ನಂಬಿಕೆಗೆ ಅರ್ಹರು. ಗುರುವಾರ ಸಂಜೆ ಬರೆದರೆ ನೆಪ ಹೇಳುವವರು. ವಾಕ್ಯಗಳು ಅವೇ, ದಿನ ಮಾತ್ರ ಬೇರೆ.

ಪ್ರಶ್ನೆ ಕೇಳಲು ಹೆದರುವುದೂ ಇದೇ ಜಾತಿಯ ಸಮಸ್ಯೆ. ಹೊಸಬರು ದಡ್ಡರಾಗಿ ಕಾಣಬಾರದು ಅಂತ ಪ್ರಶ್ನೆಯನ್ನು ನುಂಗುತ್ತಾರೆ. ಮೂರು ದಿನ ತಪ್ಪು ದಾರಿಯಲ್ಲಿ ಹೋಗುತ್ತಾರೆ. ಆಗ ನಿಜಕ್ಕೂ ದಡ್ಡರಾಗಿ ಕಾಣುತ್ತಾರೆ. ನನ್ನ ಸಲಹೆ ಇಷ್ಟೇ. ಅರ್ಧ ಗಂಟೆ ನೀವೇ ಒದ್ದಾಡಿ. ಆಮೇಲೆ ಹೋಗಿ, ‘ಇದನ್ನೂ ಇದನ್ನೂ ಮಾಡಿ ನೋಡಿದೆ, ಇಲ್ಲಿ ನಿಂತುಬಿಟ್ಟಿದ್ದೇನೆ’ ಅನ್ನಿ. ಉತ್ತರ ಬರೆದುಕೊಳ್ಳಿ. ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಬೇಡಿ. ಜನರಿಗೆ ಬೇಸರವಾಗುವುದು ಎರಡನೇ ಸಲಕ್ಕೆ.

ಈಗ ನಿಮ್ಮ ಮಾತು ಕಡಿಮೆ ಎಂಬ ವಿಷಯ. ತುಂಬಿದ ಕೊಡ ತುಳುಕುವುದಿಲ್ಲ ಅಂತ ಹೇಳಿ ನಿಮ್ಮನ್ನು ಸಮಾಧಾನ ಮಾಡಬಹುದಿತ್ತು. ಮಾಡುವುದಿಲ್ಲ. ಕತ್ತಲೆಯ ಮೂಲೆಯಲ್ಲಿಟ್ಟರೆ ತುಂಬಿದ ಕೊಡವೂ ಯಾರಿಗೂ ಕಾಣುವುದಿಲ್ಲ. ನೀವು ಮಾತುಗಾರ್ತಿ ಆಗಬೇಕಾಗಿಲ್ಲ, ಆದರೆ ಕೆಲಸ ಕಣ್ಣಿಗೆ ಬೀಳುವಂತೆ ಇಡಬೇಕು. ಪ್ರತಿ ಶುಕ್ರವಾರ ನಿಮಗೆ ಕೆಲಸ ಹೇಳಿಕೊಡುವವರಿಗೆ ನಾಲ್ಕು ಸಾಲು ಬರೆಯಿರಿ. ಈ ವಾರ ಏನು ಮುಗಿಯಿತು, ಏನು ಬಾಕಿ, ಎಲ್ಲಿ ತೊಡಕಾಗಿದೆ, ಮುಂದಿನ ವಾರ ಏನು. ಇದು ತೋರಿಸಿಕೊಳ್ಳುವುದಲ್ಲ. ಅವರು ನಿಮ್ಮನ್ನು ಕರೆದು ಕೇಳಬೇಕಾದದ್ದನ್ನು ಕೇಳದಂತೆ ಮಾಡುವುದು. ಮೀಟಿಂಗುಗಳಲ್ಲೂ ಒಂದು ಉಪಾಯವಿದೆ. ಮಾತಾಡಲು ಹೆದರುವವರು ಕೊನೆಯವರೆಗೂ ಕಾಯುತ್ತಾರೆ, ಕಾದಷ್ಟೂ ಬಾಯಿ ಬಿಗಿಯುತ್ತದೆ. ಮೊದಲ ಹತ್ತು ನಿಮಿಷದಲ್ಲೇ ಏನಾದರೊಂದು ಹೇಳಿ, ಒಂದು ಸಣ್ಣ ಪ್ರಶ್ನೆಯಾದರೂ ಸರಿ. ಆಮೇಲೆ ಮೌನವಾಗಿದ್ದರೂ ನೀವು ಅಲ್ಲಿ ಇದ್ದಿರಿ ಎಂದು ಎಲ್ಲರಿಗೂ ಗೊತ್ತಿರುತ್ತದೆ.

ಲಿಂಕ್ಡ್‌ಇನ್‌ನಲ್ಲಿ ದಿನಾ ಬರೆಯಲೇಬೇಕಾ? ಬೇಡ. ಬರೆಯುವ ಖುಷಿ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಪ್ರೊಫೈಲ್ ಒಂದನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳಿ. ಹೆಸರಿನ ಕೆಳಗಿನ ಸಾಲಿಗೆ ಅಲ್ಲಿ 220 ಅಕ್ಷರಗಳ ಜಾಗ ಇದೆ. ಹೆಚ್ಚಿನ ವಿದ್ಯಾರ್ಥಿಗಳು ಅದನ್ನು ‘ಉತ್ಸಾಹಿ’, ‘ಕಲಿಯುವ ಹಸಿವುಳ್ಳ’ ಎಂಬಂಥ ಪದಗಳಿಂದ ತುಂಬಿಸುತ್ತಾರೆ. ಅದರಿಂದ ಓದುವವರಿಗೆ ಯಾವ ಸುಳಿವೂ ಸಿಗುವುದಿಲ್ಲ. ನಾನು ಉತ್ಸಾಹ ಇಲ್ಲದವಳು ಅಂತ ಯಾರಾದರೂ ಬರೆದುಕೊಳ್ಳುತ್ತಾರಾ? ಬದಲಿಗೆ ‘ಸಂಖ್ಯಾಶಾಸ್ತ್ರದ ಕೊನೆಯ ವರ್ಷ. ಸಮೀಕ್ಷೆಯ ಅಂಕಿಗಳನ್ನು ಶುಚಿ ಮಾಡಿ ನಕ್ಷೆಯಾಗಿ ತೋರಿಸುತ್ತೇನೆ’ ಅಂತ ಬರೆದರೆ ಓದಿದವರಿಗೆ ನಿಮ್ಮನ್ನು ಯಾವ ಕೆಲಸಕ್ಕೆ ಕರೆಯಬಹುದು ಅಂತ ಗೊತ್ತಾಗುತ್ತದೆ.

‘ಅನುಭವ ಇಲ್ಲ’ ಅಂದಿರಲ್ಲ, ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸಂಬಳ ಬಂದ ಕೆಲಸ ಮಾತ್ರ ಅನುಭವ ಅಂತ ಯಾರೂ ಹೇಳಿಲ್ಲ. ಕಾಲೇಜಿನ ಗುಂಪು ಪ್ರಾಜೆಕ್ಟಿನಲ್ಲಿ ನಾಲ್ವರಲ್ಲಿ ಇಬ್ಬರು ಕೈಕೊಟ್ಟಾಗ ಉಳಿದ ಕೆಲಸವನ್ನು ಹಂಚಿಕೊಂಡು ಮುಗಿಸಿದ್ದೀರಾ? ಅದು ಅನುಭವ. ಬರೆಯುವಾಗ ಮೂರು ಸಂಗತಿ ಬರಲಿ: ಪರಿಸ್ಥಿತಿ ಏನಿತ್ತು, ನೀವು ಅಂತ ಏನು ಮಾಡಿದಿರಿ, ಕೊನೆಗೆ ಏನಾಯಿತು. ‘ನಾವು’ ಮಾಡಿದ್ದನ್ನೆಲ್ಲ ‘ನಾನು’ ಮಾಡಿದೆ ಅಂತ ಬರೆಯಬೇಡಿ. ಸಂದರ್ಶನದಲ್ಲಿ ನಾವು ಕೇಳುವ ಎರಡನೇ ಪ್ರಶ್ನೆಯೇ ‘ಅದರಲ್ಲಿ ನಿಮ್ಮ ಪಾಲು ಯಾವುದು?’ ಅಲ್ಲೇ ಬಣ್ಣ ಬಯಲಾಗುತ್ತದೆ. ಈಗ ಎಐ ಬರೆದುಕೊಟ್ಟ ಅರ್ಜಿ ಪತ್ರಗಳೂ ರಾಶಿ ರಾಶಿ ಬರುತ್ತವೆ. ತಪ್ಪಿಲ್ಲದ ಭಾಷೆ, ನುಣುಪಾದ ವಾಕ್ಯ, ಎಲ್ಲರದ್ದೂ ಒಂದೇ ಥರ. ಸಹಾಯ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಪತ್ರದ ಯಾವ ವಾಕ್ಯ ಹಿಡಿದು ಕೇಳಿದರೂ ಎರಡು ನಿಮಿಷ ಮಾತಾಡುವಂತಿರಬೇಕು. ಮಾತಾಡಲು ಆಗದ ವಾಕ್ಯವನ್ನು ಅಳಿಸಿಬಿಡಿ.

ಪರಿಚಯಗಳ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಯಾಕೆಂದರೆ ಮಾತು ಕಡಿಮೆ ಇರುವವರು ಇದನ್ನೇ ಬಿಟ್ಟುಬಿಡುತ್ತಾರೆ. ಮಾರ್ಕ್ ಗ್ರನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಅಮೆರಿಕದ ಬಾಸ್ಟನ್ ಹತ್ತಿರದ ಊರೊಂದರಲ್ಲಿ ಪರಿಚಯದವರ ಮೂಲಕ ಕೆಲಸ ಪಡೆದ ಜನರ ಲೆಕ್ಕ ಇದೆ. ಆ ಪರಿಚಯದವರನ್ನು ಪದೇ ಪದೇ ಭೇಟಿಯಾಗುತ್ತಿದ್ದೆವು ಅಂದವರು 16.7 ಪರ್ಸೆಂಟ್ ಮಾತ್ರ. ಉಳಿದವರಿಗೆ ಸುದ್ದಿ ಬಂದದ್ದು ಅಪರೂಪಕ್ಕೋ ಆಗೀಗಲೋ ಸಿಗುವವರಿಂದ. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಅದರಲ್ಲೂ ಆಪ್ತರಿಗಿಂತ ದೂರದ ಪರಿಚಯದವರಿಂದಲೇ ಹೊಸ ಕೆಲಸಕ್ಕೆ ಜಾಸ್ತಿ ಅನುಕೂಲವಾಗಿತ್ತು. ಆದರೆ ಗುರುತೇ ಇಲ್ಲದಷ್ಟು ದೂರದವರಿಂದಲ್ಲ. ಕಾರಣ ಸರಳ. ನಿಮ್ಮ ಆಪ್ತ ಗೆಳತಿಯರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ.

ಹಾಗಾಗಿ ನಿಮ್ಮ ಹಿಂದಿನ ಬ್ಯಾಚಿನವರು, ಒಮ್ಮೆ ಬಂದು ಉಪನ್ಯಾಸ ಕೊಟ್ಟು ಹೋದವರು, ಇಂಥವರಿಗೆ ವರ್ಷಕ್ಕೊಂದೆರಡು ಸಲ ನಾಲ್ಕು ಸಾಲು ಬರೆಯಿರಿ. ‘ಕೆಲಸ ಇದ್ದರೆ ಕೊಡಿಸಿ’ ಅಂತಲ್ಲ. ‘ನೀವು ಅವತ್ತು ಹೇಳಿದ್ದನ್ನು ಮಾಡಿ ನೋಡಿದೆ, ಹೀಗಾಯಿತು’ ಅಂತ. ಸಲಹೆ ಕೊಟ್ಟವರಿಗೆ ಆಮೇಲೆ ಏನಾಯಿತು ಅಂತ ತಿಳಿಸುವವರು ಎಷ್ಟು ಕಡಿಮೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಬರೆಯುವುದಾದ್ದರಿಂದ ಇದಕ್ಕೆ ಮಾತುಗಾರಿಕೆಯೂ ಬೇಡ. ನಿಮ್ಮ ಬಗ್ಗೆ ಶಿಫಾರಸು ಬರೆಯಬೇಕಾದ ಅಧ್ಯಾಪಕರನ್ನೂ ಈಗಲೇ ಕೇಳಿಡಿ. ಜೊತೆಗೆ ಅವರ ತರಗತಿಯಲ್ಲಿ ನೀವು ಏನು ಮಾಡಿದಿರಿ ಅಂತ ಅರ್ಧ ಪುಟ ಬರೆದು ಕೊಡಿ. ಇನ್ನೂರು ವಿದ್ಯಾರ್ಥಿಗಳನ್ನು ನೋಡಿದವರಿಗೆ ಅದೆಲ್ಲ ನೆನಪಿರುವುದಿಲ್ಲ.

ಹಳೆಯ ಪೋಸ್ಟುಗಳ ಬಗ್ಗೆ ಗಾಬರಿ ಬೇಡ. ಲಾಗೌಟ್ ಆಗಿ, ನಿಮ್ಮ ಹೆಸರನ್ನು ಒಮ್ಮೆ ಹುಡುಕಿ ನೋಡಿ. ಬೇರೆಯವರನ್ನು ಹೀಯಾಳಿಸಿದ್ದು, ಅಧ್ಯಾಪಕರನ್ನು ಬೈದದ್ದು ಇದ್ದರೆ ತೆಗೆಯಿರಿ. ಪ್ರವಾಸದ ಫೋಟೋ, ಹುಟ್ಟುಹಬ್ಬದ ಫೋಟೋ ಇರಲಿ, ನೀವೂ ಮನುಷ್ಯರೇ. ಒಂದು ಎಚ್ಚರ ಮಾತ್ರ ಬೇಕು. ಇಂಟರ್ನ್‌ಶಿಪ್ ಶುರುವಾದ ಮೇಲೆ ಆಫೀಸಿನ ಫೋಟೋ ಹಾಕುವ ಮುಂಚೆ ಹಿಂದುಗಡೆ ಕಾಣುವ ಪರದೆ ಮತ್ತು ಬೋರ್ಡಿನ ಮೇಲೆ ಏನು ಬರೆದಿದೆ ಅಂತ ನೋಡಿಕೊಳ್ಳಿ. ಕೊರಳಲ್ಲಿರುವ ಗುರುತಿನ ಚೀಟಿಯನ್ನೂ ನೋಡಿಕೊಳ್ಳಿ. ಖುಷಿಗೆ ಹಾಕಿದ ಸೆಲ್ಫಿಯಲ್ಲಿ ಆಫೀಸಿನ ಗುಟ್ಟು ಹೊರಗೆ ಬಿದ್ದರೆ ಅದನ್ನು ಸರಿಮಾಡುವುದು ಬಹಳ ಕಷ್ಟ.

ಮೊದಲ ವಾರದಲ್ಲೇ ನಿಮಗೆ ಕೆಲಸ ಹೇಳಿಕೊಡುವವರನ್ನು ಒಂದು ಪ್ರಶ್ನೆ ಕೇಳಿ. ‘ಈ ಇಂಟರ್ನ್‌ಶಿಪ್ ಮುಗಿದ ಮೇಲೆ, ಪರವಾಗಿಲ್ಲ ಚೆನ್ನಾಗಿ ಮಾಡಿದಳು ಅಂತ ನಿಮಗೆ ಅನ್ನಿಸಬೇಕಾದರೆ ನಾನು ಏನು ಮುಗಿಸಿರಬೇಕು?’ ಎಷ್ಟೋ ಸಲ ಅವರೂ ಅದನ್ನು ಯೋಚಿಸಿರುವುದಿಲ್ಲ. ಯೋಚಿಸಿ ಹೇಳುತ್ತಾರೆ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು, ಶುಕ್ರವಾರದ ಆ ನಾಲ್ಕು ಸಾಲುಗಳನ್ನು ಅದಕ್ಕೆ ಹೊಂದಿಸಿ ಬರೆಯುತ್ತಾ ಹೋಗಿ.

ಕೋಟಿನ ಫೋಟೋ ಒಂದು ಉಳಿಯಿತು. ನಿಮಗೆ ಇಷ್ಟವಿದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಬೇಡ. ಬೆಳಕು ಬರುವ ಕಿಟಕಿಯ ಕಡೆ ಮುಖ ಮಾಡಿ ನಿಂತು, ಯಾರ ಹತ್ತಿರವಾದರೂ ಫೋನಿನಲ್ಲೇ ಒಂದು ತೆಗೆಸಿ. ಫಿಲ್ಟರ್ ಹಾಕಬೇಡಿ. ಸಂದರ್ಶನಕ್ಕೆ ಒಳಗೆ ಬಂದಾಗ, ಫೋಟೋದಲ್ಲಿದ್ದವರು ಇವರೇ ಅಂತ ನಮಗೆ ಗುರುತು ಸಿಗಬೇಕು, ಅಷ್ಟೇ.